ಶಿಷ್ಯರು ಕೊಟ್ಟ ನಡತೆ ಪ್ರಮಾಣಪತ್ರ

ಶಾಲೆ ಬಿಡುವ ವಿದ್ಯಾರ್ಥಿಗೆ ಮುಖ್ಯೋಪಾಧ್ಯಾಯರು ನಡತೆ ಪ್ರಮಾಣಪತ್ರ ಕೊಡುವುದು ಎಲ್ಲರೂ ಬಲ್ಲ ಪದ್ಧತಿ. ಅಮೆರಿಕದ ಸೆನೆಟ್‌ನ ನ್ಯಾಯಾಂಗ ಸಮಿತಿಯ ಮುಂದೆ 2020ರ ಅಕ್ಟೋಬರ್ 15ರಂದು ನಡೆದದ್ದು ಇದರ ತಿರುವುಮುರುವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ನಾಮನಿರ್ದೇಶನಗೊಂಡಿದ್ದ ಕಾನೂನು ಪ್ರಾಧ್ಯಾಪಕಿ ಎಮಿ ಕೋನಿ ಬ್ಯಾರೆಟ್ ಅವರ ನಡತೆಗೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಸಾಕ್ಷಿ ನುಡಿದರು. ಆಕೆ ಲಾರಾ ವುಲ್ಕ್. ಹುಟ್ಟುಗುರುಡರೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಸೇರಿದಾಗ ಅವರಿಗೆ ದೃಷ್ಟಿ ಇರಲಿಲ್ಲ. ಅಂಧರ ಓದಿಗೆ ಬೇಕಾದ ತಾಂತ್ರಿಕ ಸಲಕರಣೆ ಸಮಯಕ್ಕೆ ಒದಗಲಿಲ್ಲ, ಕೈಯಲ್ಲಿದ್ದ ಲ್ಯಾಪ್‌ಟಾಪ್ ಕೂಡ ಕೈಕೊಡುತ್ತಿತ್ತು. ಸಲಹೆ ಕೇಳಲು ಬ್ಯಾರೆಟ್ ಅವರ ಕೊಠಡಿಗೆ ಹೋದಾಗ, ಇದು ಇನ್ನು ನಿನ್ನ ತೊಂದರೆಯಲ್ಲ, ನನ್ನದು ಎಂಬ ಅರ್ಥದ ಮಾತು ಹೇಳಿ ಅವರು ಹೊಣೆಯನ್ನು ತಾವೇ ವಹಿಸಿಕೊಂಡರು ಎಂದು ವುಲ್ಕ್ ಸಮಿತಿಗೆ ತಿಳಿಸಿದರು. ಅದೇ ವಿದ್ಯಾರ್ಥಿನಿ ಮುಂದೆ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಬಳಿ ಕೆಲಸ ಮಾಡಿ, ಸುಪ್ರೀಂ ಕೋರ್ಟಿನಲ್ಲಿ ಲಾ ಕ್ಲರ್ಕ್ ಆದ ಮೊದಲ ಅಂಧ ಮಹಿಳೆ ಎನಿಸಿದರು.

ನಾಲ್ಕು ದಿನಗಳ ಆ ವಿಚಾರಣೆಯಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ ಕಿವಿಗೊಟ್ಟು ಕೇಳಿದ ಮಾತುಗಳು ಇದ್ದರೆ ಅವು ಬಹುಶಃ ಇವೇ. ಆದರೆ ಆ ಮಾತುಗಳಿಂದ ಸಮಿತಿ ಏನನ್ನು ತಿಳಿದುಕೊಂಡಿತು? ಗರ್ಭಪಾತ, ಆರೋಗ್ಯ ವಿಮೆ, ಚುನಾವಣಾ ವ್ಯಾಜ್ಯ ಮುಂತಾದವುಗಳಲ್ಲಿ ಕೋಟ್ಯಂತರ ಜನರ ಬದುಕನ್ನು ತಟ್ಟುವ ಹುದ್ದೆ ಅದು, ಅವಧಿ ಜೀವಮಾನಪೂರ್ತಿ. ಅಂಥ ಹುದ್ದೆಗೆ ಹಳೆಯ ಶಿಷ್ಯರ ಮಾತು ಎಷ್ಟು ತೂಗಬೇಕು ಎಂಬ ಪ್ರಶ್ನೆ ಆಗ ಚರ್ಚೆಗೆ ಬರಲಿಲ್ಲ. ಅನಂತರದ ವರ್ಷಗಳ ತೀರ್ಪುಗಳನ್ನು ಕಂಡಮೇಲೆ ಅದನ್ನು ಕೇಳಲು ಹೆಚ್ಚು ಕಾರಣಗಳಿವೆ.

ಪತ್ರಗಳ ಪ್ರವಾಹ

ಬ್ಯಾರೆಟ್ 1997ರಲ್ಲಿ ನೋಟರ್ ಡೇಮ್‌ನಲ್ಲೇ ಕಾನೂನು ಪದವಿ ಪಡೆದವರು; ನ್ಯಾಯಮೂರ್ತಿ ಆಂಟನಿನ್ ಸ್ಕಲಿಯಾ ಅವರ ಬಳಿ ಕ್ಲರ್ಕ್ ಆಗಿದ್ದವರು. 2002ರಲ್ಲಿ ಅಧ್ಯಾಪಕರಾಗಿ ಅದೇ ಶಾಲೆಗೆ ಮರಳಿ ಸಂವಿಧಾನ, ಫೆಡರಲ್ ನ್ಯಾಯಾಲಯಗಳ ವ್ಯಾಪ್ತಿ, ಶಾಸನಗಳ ಅರ್ಥನಿರ್ಣಯ ಇವುಗಳನ್ನು ಕಲಿಸಿದರು. ಪದವಿ ಮುಗಿಸಿ ಹೊರಡುವ ತಂಡಗಳು ಆರಿಸುವ ವರ್ಷದ ಶ್ರೇಷ್ಠ ಪ್ರಾಧ್ಯಾಪಕ ಗೌರವ ಅವರಿಗೆ ಮೂರು ಬಾರಿ ಸಂದಿತು. ಪಾಠದ ಗುಣಮಟ್ಟದ ಬಗ್ಗೆ ಅವರ ವಿರೋಧಿಗಳೂ ತಕರಾರು ಎತ್ತಿದ್ದಿಲ್ಲ.

2017ರಲ್ಲಿ ಅಧ್ಯಕ್ಷ ಟ್ರಂಪ್ ಅವರನ್ನು ಏಳನೆಯ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸಿದಾಗಲೇ ಪತ್ರಗಳು ಬರತೊಡಗಿದವು. ನಾನೂರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳು ಸಹಿ ಹಾಕಿದರು. ಕಾನೂನು ಶಾಲೆಯ ಸಹೋದ್ಯೋಗಿಗಳು, ತಮ್ಮ ರಾಜಕೀಯ ನಿಲುವುಗಳು ಬೇರೆಬೇರೆ ಎಂದು ಒಪ್ಪಿಕೊಂಡೇ, ಒಕ್ಕೊರಲಿನಿಂದ ಬೆಂಬಲಿಸಿದರು. 1998ರ ಅವಧಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಜೊತೆಗಿದ್ದ ಕ್ಲರ್ಕ್‌ಗಳೂ ಅದನ್ನೇ ಮಾಡಿದರು. ಆ ಸಾಲಿನಲ್ಲಿದ್ದ ಹಾರ್ವರ್ಡ್‌ನ ಉದಾರವಾದಿ ಪ್ರಾಧ್ಯಾಪಕ ನೋವಾ ಫೆಲ್ಡ್‌ಮನ್, 2020ರಲ್ಲಿ ಅವರ ತೀರ್ಪುಗಳನ್ನು ತಾನು ಒಪ್ಪಲಾರೆ, ಆದರೂ ಅವರು ಆ ಪೀಠಕ್ಕೆ ಅರ್ಹರು ಎಂದು ಬರೆದು ತಮ್ಮದೇ ಬಳಗದ ಸಿಟ್ಟಿಗೆ ಗುರಿಯಾದರು.

2017ರ ಅಕ್ಟೋಬರ್ 31ರಂದು ಸೆನೆಟ್ 55–43 ಮತಗಳಿಂದ ಬ್ಯಾರೆಟ್ ಅವರನ್ನು ಅಂಗೀಕರಿಸಿತು. ಮೂವರು ಡೆಮಾಕ್ರಟರು ಅವರ ಪರ ಮತ ಹಾಕಿದರು: ಇಂಡಿಯಾನಾದ ಜೋ ಡಾನೆಲಿ, ವರ್ಜೀನಿಯಾದ ಟಿಮ್ ಕೇನ್, ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್. ಮೂರು ವರ್ಷಗಳ ಅನಂತರ ಸುಪ್ರೀಂ ಕೋರ್ಟಿನ ಸರದಿ ಬಂದಾಗ ಡಾನೆಲಿ ಚುನಾವಣೆಯಲ್ಲಿ ಸೋತು ಸೆನೆಟ್ ಬಿಟ್ಟಿದ್ದರು. ಉಳಿದಿಬ್ಬರೂ ವಿರುದ್ಧ ಮತ ಚಲಾಯಿಸಿದರು. ಅದೇ ವ್ಯಕ್ತಿ, ಅದೇ ಶೀಲ, ಅದೇ ಶಿಷ್ಯರು. ಬದಲಾಗಿದ್ದು ಹುದ್ದೆಯ ತೂಕ ಮತ್ತು ಕ್ಯಾಲೆಂಡರ್. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ರಂದು ತೀರಿಕೊಂಡಿದ್ದರು, ನವೆಂಬರ್ 3ಕ್ಕೆ ಚುನಾವಣೆ ನಿಗದಿಯಾಗಿತ್ತು. 2016ರಲ್ಲಿ ಮೆರಿಕ್ ಗಾರ್ಲಂಡ್ ಅವರ ನಾಮನಿರ್ದೇಶನವನ್ನು ಚುನಾವಣಾ ವರ್ಷವೆಂಬ ಕಾರಣ ಕೊಟ್ಟು ವಿಚಾರಣೆಗೇ ಎತ್ತಿಕೊಳ್ಳದ ಪಕ್ಷವೇ ಈಗ ವಾರಗಳಲ್ಲಿ ಕೆಲಸ ಮುಗಿಸಲು ಹೊರಟಿತ್ತು. ಅಕ್ಟೋಬರ್ 26ರಂದು 52–48. ಒಬ್ಬ ಡೆಮಾಕ್ರಟನೂ ಪರವಾಗಿರಲಿಲ್ಲ.

ಈ ಹೊತ್ತಿಗೆ ಎದುರುಪತ್ರಗಳೂ ಬಂದಿದ್ದವು. ನೋಟರ್ ಡೇಮ್ ವಿಶ್ವವಿದ್ಯಾಲಯದ 88 ಅಧ್ಯಾಪಕರು, ಚುನಾವಣೆ ಮುಗಿಯುವ ತನಕ ಪ್ರಕ್ರಿಯೆಯನ್ನು ನಿಲ್ಲಿಸುವಂತೆ ತಾವೇ ಕೋರಬೇಕು ಎಂದು ಬ್ಯಾರೆಟ್ ಅವರಿಗೆ ಬಹಿರಂಗ ಪತ್ರ ಬರೆದರು. ಅವರು ಪದವಿ ಓದಿದ ರೋಡ್ಸ್ ಕಾಲೇಜಿನ ಸಾವಿರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳು, ಕಾಲೇಜು ಅವರನ್ನು ಹೊಗಳಿದ್ದನ್ನೇ ಆಕ್ಷೇಪಿಸಿದರು. ಗಮನಿಸಬೇಕಾದ ಅಂಶವೆಂದರೆ 88 ಮಂದಿಯ ಪತ್ರ ಅವರ ಶೀಲವನ್ನಾಗಲಿ ಪಾಂಡಿತ್ಯವನ್ನಾಗಲಿ ಪ್ರಶ್ನಿಸಿರಲಿಲ್ಲ. ಅವರ ವಾದ ಬೇರೆಯೇ ಆಗಿತ್ತು.

ಎರಡು ಸಾಕ್ಷ್ಯ, ಎರಡು ಪ್ರಶ್ನೆ

ಕೊನೆಯ ದಿನದ ಸಾಕ್ಷಿಗಳ ಪಟ್ಟಿಯನ್ನು ನೋಡಿದರೆ ಈ ಬಿರುಕು ಸ್ಪಷ್ಟವಾಗುತ್ತದೆ. ರಿಪಬ್ಲಿಕನ್ನರು ಕರೆಸಿದ್ದು ನಿವೃತ್ತ ನ್ಯಾಯಾಧೀಶ ಥಾಮಸ್ ಗ್ರಿಫಿತ್, ವರ್ಜೀನಿಯಾ ವಿಶ್ವವಿದ್ಯಾಲಯದ ಭಾರತೀಯ ಮೂಲದ ಪ್ರಾಧ್ಯಾಪಕ ಸಾಯಿಕೃಷ್ಣ ಪ್ರಕಾಶ್, ಬ್ಯಾರೆಟ್ ಅವರ ಬಳಿ ಕೆಲಸ ಮಾಡಿದ ಒಬ್ಬ ಕ್ಲರ್ಕ್, ಮತ್ತು ವುಲ್ಕ್. ಡೆಮಾಕ್ರಟರ ಕಡೆಯಿಂದ ನಾಗರಿಕ ಹಕ್ಕುಗಳ ವಕೀಲೆ ಕ್ರಿಸ್ಟನ್ ಕ್ಲಾರ್ಕ್, ಒಬ್ಬ ವೈದ್ಯರು, ದಿನ ತುಂಬುವ ಮೊದಲೇ ಹುಟ್ಟಿದ ಅವಳಿ ಮಕ್ಕಳ ಚಿಕಿತ್ಸೆಗೆ ಆರೋಗ್ಯ ವಿಮೆ ಕಾಯ್ದೆಯನ್ನು ನೆಚ್ಚಿಕೊಂಡಿದ್ದ ಒಬ್ಬ ತಾಯಿ, ಹದಿಹರೆಯದಲ್ಲಿ ಗರ್ಭಪಾತಕ್ಕಾಗಿ ನ್ಯಾಯಾಧೀಶರ ಅನುಮತಿ ಬೇಡಬೇಕಾಗಿ ಬಂದಿದ್ದ ಒಬ್ಬ ಮಹಿಳೆ. ಒಂದು ಗುಂಪು ಹೇಳಿದ್ದು ಈಕೆ ಎಂಥವರು ಎಂದು. ಇನ್ನೊಂದು ಗುಂಪು ಹೇಳಿದ್ದು ಈಕೆ ಬಂದರೆ ನಮಗೇನಾಗುತ್ತದೆ ಎಂದು. ಯಾರೂ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ವಾರದ ಬಳಿಕ ಸಮಿತಿಯ ಮತದಾನವನ್ನು ಬಹಿಷ್ಕರಿಸಿದ ಡೆಮಾಕ್ರಟರು ತಮ್ಮ ಖಾಲಿ ಕುರ್ಚಿಗಳ ಮೇಲೆ ಆ ವಿಮೆಯ ಫಲಾನುಭವಿಗಳ ಭಾವಚಿತ್ರಗಳನ್ನಿಟ್ಟರು. ಮತ 12–0.

ಇಂಥ ಕವಲು ಹುಟ್ಟಿದ್ದಕ್ಕೆ ಇತಿಹಾಸವಿದೆ. 1987ರಲ್ಲಿ ಅಧ್ಯಕ್ಷ ರೇಗನ್ ಹೆಸರಿಸಿದ ರಾಬರ್ಟ್ ಬೋರ್ಕ್ ಕೂಡ ಯೇಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರೇ; ಬಿಲ್ ಕ್ಲಿಂಟನ್ ಅವರ ತರಗತಿಯಲ್ಲಿ ಕುಳಿತವರಲ್ಲೊಬ್ಬರು. ಬೋರ್ಕ್ ತಮ್ಮ ಅಭಿಪ್ರಾಯಗಳನ್ನು ಸಮಿತಿಯ ಮುಂದೆ ವಿದ್ವತ್‌ಗೋಷ್ಠಿಯಲ್ಲಿ ಕುಳಿತವರಂತೆ ಬಿಚ್ಚಿಟ್ಟರು. ಸೆನೆಟ್ 58–42 ಮತಗಳಿಂದ ಅವರನ್ನು ತಿರಸ್ಕರಿಸಿತು. ಮುಂದೆ ಬಂದವರೆಲ್ಲ ಪಾಠ ಕಲಿತರು. 1993ರಲ್ಲಿ ಗಿನ್ಸ್‌ಬರ್ಗ್, ಮುಂದೆ ತಮ್ಮ ಮುಂದೆ ಬರಬಹುದಾದ ಪ್ರಕರಣಗಳ ಕುರಿತು ಸುಳಿವನ್ನೂ ಕೊಡಲಾರೆನೆಂದರು. ಅದು ನಿಯಮವಾಗಿಯೇ ನಿಂತಿತು. 2020ರಲ್ಲಿ ಬ್ಯಾರೆಟ್ ಅವರು ಗಿನ್ಸ್‌ಬರ್ಗ್ ಅವರ ಹೆಸರು ಹೇಳಿಯೇ ಬಾಯಿ ಬಿಗಿಹಿಡಿದರು. 1995ರಲ್ಲಿ ಇಂಥ ವಿಚಾರಣೆಗಳು ಟೊಳ್ಳು ಎಂದು ಲೇಖನ ಬರೆದ ಎಲೆನಾ ಕೇಗನ್, 2010ರಲ್ಲಿ ತಾವೇ ಆ ಕುರ್ಚಿಯಲ್ಲಿ ಕುಳಿತಾಗ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಅಭ್ಯರ್ಥಿ ಏನು ಯೋಚಿಸುತ್ತಾರೆ ಎಂದು ಕೇಳಲಾಗದಿದ್ದಾಗ, ಎಂಥ ಮನುಷ್ಯ ಎಂಬುದನ್ನಷ್ಟೇ ಮಾತಾಡಲು ಸಾಧ್ಯ. ಶಿಷ್ಯರ ಪತ್ರಗಳು ತುಂಬಿದ್ದು ಈ ಖಾಲಿ ಜಾಗವನ್ನು.

ಕಾನೂನೇ ಒಪ್ಪದ ಪುರಾವೆ

ಇದರಲ್ಲೊಂದು ವ್ಯಂಗ್ಯವಿದೆ. ವ್ಯಕ್ತಿಯ ಶೀಲವನ್ನು ಪುರಾವೆಯಾಗಿ ಸ್ವೀಕರಿಸಲು ಅತ್ಯಂತ ಹಿಂಜರಿಯುವ ಶಾಸ್ತ್ರವೆಂದರೆ ಕಾನೂನು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 52ರಿಂದ 55ನೆಯ ಪ್ರಕರಣಗಳು ಈ ವಿಷಯಕ್ಕೆ ಮೀಸಲಾಗಿದ್ದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಅವನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡಿದೆ. ಸಿವಿಲ್ ದಾವೆಯಲ್ಲಿ, ಇಂಥವನು ಒಳ್ಳೆಯವನು, ಆದ್ದರಿಂದ ಹೀಗೆ ಮಾಡಿರಲಾರ ಎಂಬ ವಾದಕ್ಕೆ ಸ್ಥಾನವಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿ ತನ್ನ ಸಚ್ಚಾರಿತ್ರ್ಯವನ್ನು ತೋರಿಸಬಹುದು. ಆದರೆ ತೋರಿಸಿದ ಕೂಡಲೇ ಅದಕ್ಕೆ ಉತ್ತರವಾಗಿ ದುಶ್ಚಾರಿತ್ರ್ಯದ ಸಾಕ್ಷ್ಯ ತರಲು ಎದುರು ಪಕ್ಷಕ್ಕೆ ಬಾಗಿಲು ತೆರೆಯುತ್ತದೆ. ಮೇಲಾಗಿ ಸಾಕ್ಷಿ ಹೇಳಬಹುದಾದದ್ದು ಸಾಮಾನ್ಯ ಖ್ಯಾತಿ ಮತ್ತು ಸಾಮಾನ್ಯ ಸ್ವಭಾವವನ್ನು ಮಾತ್ರ. ಇಂಥ ದಿನ ಇಂಥ ಒಳ್ಳೆಯ ಕೆಲಸ ಮಾಡಿದರು ಎಂಬ ಬಿಡಿ ಘಟನೆ ಅಲ್ಲಿ ನಡೆಯದು. ವುಲ್ಕ್ ಅವರ ಸಾಕ್ಷ್ಯದ ಜೀವವೇ ಅಂಥ ಒಂದು ಬಿಡಿ ಘಟನೆ. ಮನಸ್ಸು ಕರಗಿಸುವ ಶಕ್ತಿ ಅದಕ್ಕಿದೆ. ಕಾನೂನು ಅದನ್ನು ದೂರವಿಡುವುದೂ ಅದೇ ಕಾರಣಕ್ಕೆ.

ಅಮೆರಿಕದ ನಿಯಮವೂ ಹೆಚ್ಚು ಭಿನ್ನವಲ್ಲ. 1948ರ ಮೈಕೆಲ್‌ಸನ್ ಪ್ರಕರಣದಲ್ಲಿ ತೆರಿಗೆ ಅಧಿಕಾರಿಗೆ ಲಂಚ ಕೊಟ್ಟ ಆರೋಪ ಹೊತ್ತವನೊಬ್ಬ ತನ್ನ ನಡತೆಗೆ ಸಾಕ್ಷಿಗಳನ್ನು ಕರೆತಂದ. ಅವನು ದಶಕಗಳ ಹಿಂದೆ ಬಂಧನಕ್ಕೊಳಗಾಗಿದ್ದನ್ನು ನೀವು ಕೇಳಿದ್ದೀರಾ ಎಂದು ಸರ್ಕಾರಿ ವಕೀಲರು ಆ ಸಾಕ್ಷಿಗಳನ್ನು ಪ್ರಶ್ನಿಸಿದರು. ಅದು ಸರಿಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯತನಕ್ಕೆ ಸಾಕ್ಷಿ ನುಡಿಯುವವನಿಗೆ ಎಷ್ಟು ಗೊತ್ತಿದೆ ಎಂಬುದನ್ನು ಪರೀಕ್ಷಿಸುವ ಹಕ್ಕು ಎದುರಾಳಿಗಿದೆ ಎಂಬುದು ಅದರ ತಿರುಳು. ಸೆನೆಟ್ ಸಮಿತಿಯಲ್ಲಿ ಅಂಧ ಯುವತಿಯೊಬ್ಬರ ಕೃತಜ್ಞತೆಯನ್ನು ಪಾಟೀಸವಾಲಿಗೆ ಒಳಪಡಿಸುವ ಧೈರ್ಯ ಯಾವ ರಾಜಕಾರಣಿಗೂ ಇರುವುದಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಹಾಗೆಂದು ನೇಮಕಾತಿ ವಿಚಾರಣೆ ಮೊಕದ್ದಮೆಯಲ್ಲ ಎಂಬುದನ್ನು ಮರೆಯುವಂತಿಲ್ಲ. ಮೊಕದ್ದಮೆಯಲ್ಲಿ ನಿರ್ಧರಿಸುವುದು ಹಿಂದೆ ನಡೆದುದನ್ನು. ನೇಮಕದಲ್ಲಿ ಊಹಿಸುವುದು ಮುಂದೆ ನಡೆಯುವುದನ್ನು. ಅಮೆರಿಕನ್ ಬಾರ್ ಅಸೋಸಿಯೇಷನ್ ಅಭ್ಯರ್ಥಿಗಳನ್ನು ಅಳೆಯುವುದು ಪ್ರಾಮಾಣಿಕತೆ, ವೃತ್ತಿ ಸಾಮರ್ಥ್ಯ, ನ್ಯಾಯಾಧೀಶರಿಗೆ ತಕ್ಕ ಮನೋಧರ್ಮ ಎಂಬ ಮೂರು ಮಾನದಂಡಗಳಿಂದ. ಮೂರನೆಯದರ ಬಗ್ಗೆ ವಿದ್ಯಾರ್ಥಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಮೇಲಧಿಕಾರಿಯ ಮುಂದೆ ಎಲ್ಲರೂ ಸಭ್ಯರೇ. ತನಗಿಂತ ಕಡಿಮೆ ಅಧಿಕಾರವಿರುವವನ ಜೊತೆ, ತಪ್ಪು ಉತ್ತರ ಕೊಟ್ಟವನ ಜೊತೆ, ತನ್ನ ನಂಬಿಕೆಗೆ ವಿರುದ್ಧವಾಗಿ ವಾದಿಸಿದವನ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ತರಗತಿಯಲ್ಲಿ ತಿಂಗಳುಗಟ್ಟಲೆ ಬಯಲಾಗುತ್ತದೆ. ನ್ಯಾಯಾಲಯದಲ್ಲಿ ಕಕ್ಷಿದಾರನ ಸ್ಥಾನವೂ ಅಂಥದೇ.

ಆದರೆ ಶಿಷ್ಯನ ಮಾತಿಗೆ ಎರಡು ಮಿತಿಗಳಿವೆ. ಮೊದಲನೆಯದು ಆಯ್ಕೆ: ಪತ್ರಕ್ಕೆ ಸಹಿ ಹಾಕಲು ಹುಡುಕುವುದು ಮೆಚ್ಚಿದವರನ್ನೇ, ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಬೇಸತ್ತವರಿಗೆ ಕರೆ ಹೋಗುವುದಿಲ್ಲ. ಎರಡನೆಯದು ಹೆಚ್ಚು ಸೂಕ್ಷ್ಮ. ಅಮೆರಿಕದ ಕಾನೂನು ಲೋಕದಲ್ಲಿ ನ್ಯಾಯಮೂರ್ತಿಯ ಬಳಿ ಒಂದು ವರ್ಷದ ಕ್ಲರ್ಕ್‌ಗಿರಿ ಸಿಕ್ಕರೆ ಇಡೀ ವೃತ್ತಿಜೀವನದ ದಾರಿ ತೆರೆದಂತೆ. ಅದನ್ನು ಕೊಡಿಸುವುದು ಬಹುತೇಕ ಪ್ರಾಧ್ಯಾಪಕರ ಶಿಫಾರಸು. ಉಪಕಾರ ಪಡೆದವನ ಮಾತು ಸುಳ್ಳೆಂದಲ್ಲ. ಆದರೆ ಆ ಮಾತಿಗೆ ಒಂದು ಋಣದ ಭಾರವಿರುತ್ತದೆ, ಅದನ್ನು ತಕ್ಕಡಿಯಲ್ಲಿ ಕಳೆದೇ ತೂಗಬೇಕಾಗುತ್ತದೆ.

2018ರಲ್ಲಿ ಬ್ರೆಟ್ ಕ್ಯಾವನಾ ಪ್ರಕರಣದಲ್ಲಿ ಈ ಮಿತಿ ಬೇರೊಂದು ರೂಪದಲ್ಲಿ ಕಂಡಿತು. ಅವರೂ ಹಾರ್ವರ್ಡ್‌ನಲ್ಲಿ ಹತ್ತು ವರ್ಷ ಪಾಠ ಹೇಳಿದವರು, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನವರಾಗಿದ್ದವರು. ಹೈಸ್ಕೂಲು ದಿನಗಳ ಲೈಂಗಿಕ ಹಲ್ಲೆಯ ಆರೋಪ ಬಂದ ಬೆನ್ನಿಗೇ, ಆ ಕಾಲದಲ್ಲಿ ಅವರನ್ನು ಬಲ್ಲ 65 ಮಹಿಳೆಯರು ಅವರ ಸಜ್ಜನಿಕೆಗೆ ಸಹಿ ಹಾಕಿದರು. ಅತ್ತ ಎರಡು ಸಾವಿರಕ್ಕೂ ಹೆಚ್ಚು ಕಾನೂನು ಪ್ರಾಧ್ಯಾಪಕರು, ಸಮಿತಿಯ ಮುಂದೆ ಅವರು ತೋರಿದ ಸಿಟ್ಟು ನ್ಯಾಯಾಧೀಶರಿಗೆ ತಕ್ಕುದಲ್ಲ ಎಂದು ಬರೆದರು. ಒಂದು ಸಂಜೆ ಒಂದು ಕೋಣೆಯಲ್ಲಿ ನಡೆಯಿತೋ ಇಲ್ಲವೋ ಎಂಬ ಪ್ರಶ್ನೆಗೆ ಆ 65 ಸಹಿಗಳಲ್ಲಿ ಉತ್ತರವಿರಲಿಲ್ಲ. ಎರಡು ಸಾವಿರ ಸಹಿಗಳಲ್ಲೂ ಇರಲಿಲ್ಲ. ಆದರೆ ಎರಡನೆಯವರು ಮಾತಾಡಿದ್ದು ತಾವು ಕಣ್ಣಾರೆ ಟಿವಿಯಲ್ಲಿ ಕಂಡದ್ದರ ಬಗ್ಗೆ. ಹಾರ್ವರ್ಡ್‌ನಲ್ಲಿ ಅವರ ಪಾಠ ಅಲ್ಲಿಗೆ ನಿಂತಿತು. ಸುಪ್ರೀಂ ಕೋರ್ಟಿಗೆ 50–48 ಮತಗಳಿಂದ ಆಯ್ಕೆಯಾದರು.

ತೀರ್ಪುಗಳು ಹೇಳುವುದೇನು

ಬ್ಯಾರೆಟ್ ಅವರ ವಿಷಯದಲ್ಲಿ ಎರಡೂ ಸಾಕ್ಷ್ಯಗಳನ್ನು ಒರೆಗೆ ಹಚ್ಚಲು ಈಗ ಸಾಕಷ್ಟು ದಾಖಲೆಯಿದೆ. ಆರೋಗ್ಯ ವಿಮೆ ಕಾಯ್ದೆ 2021ರ ಜೂನ್ 17ರಂದು 7–2 ಬಹುಮತದಿಂದ ಬದುಕುಳಿಯಿತು. ಬ್ಯಾರೆಟ್ ಬಹುಮತದ ಜೊತೆಗಿದ್ದರು. ಅವಳಿ ಮಕ್ಕಳ ತಾಯಿಯ ಭಯ ಅಷ್ಟರಮಟ್ಟಿಗೆ ಹುಸಿಯಾಯಿತು. ಗರ್ಭಪಾತದ ಹಕ್ಕಿನ ಬಗ್ಗೆ ಮಾತಾಡಿದ ಮಹಿಳೆಯ ಭಯ ಹುಸಿಯಾಗಲಿಲ್ಲ. 2022ರ ಜೂನ್ 24ರಂದು ಸುಮಾರು ಐವತ್ತು ವರ್ಷಗಳ ಹಳೆಯ ರೋ ತೀರ್ಪನ್ನು ರದ್ದುಗೊಳಿಸಿದ ಐವರಲ್ಲಿ ಬ್ಯಾರೆಟ್ ಒಬ್ಬರು. ಗರ್ಭಪಾತವನ್ನು ವಿರೋಧಿಸುವ ಪತ್ರಿಕಾ ಜಾಹೀರಾತೊಂದಕ್ಕೆ ಅವರು 2006ರಲ್ಲೇ ಸಹಿ ಹಾಕಿದ್ದರು. ಅದನ್ನು ಬಲ್ಲವರಿಗೆ ಈ ತೀರ್ಪು ಅಚ್ಚರಿ ತರಲಿಲ್ಲ. ತರಗತಿಯಲ್ಲಿ ಎಲ್ಲ ವಾದಗಳಿಗೂ ಸಮಾನ ಅವಕಾಶ ಕೊಟ್ಟ ಅಧ್ಯಾಪಕಿ ಎಂಬುದೂ ನಿಜವಿರಬಹುದು, ಆ ಸಹಿಯೂ ನಿಜ. ಎರಡರಲ್ಲಿ ತೀರ್ಪನ್ನು ಮುನ್ನುಡಿದದ್ದು ಎರಡನೆಯದು.

ಆದರೂ ಶಿಷ್ಯರ ಮಾತು ವ್ಯರ್ಥವಾಯಿತೆನ್ನಲು ಬಾರದು. 2025ರ ಮಾರ್ಚ್‌ನಲ್ಲಿ ವಿದೇಶಿ ನೆರವಿನ ಬಾಕಿ ಹಣ ತಡೆಹಿಡಿಯುವ ಟ್ರಂಪ್ ಆಡಳಿತದ ಕೋರಿಕೆಯನ್ನು ನ್ಯಾಯಾಲಯ 5–4ರಿಂದ ತಳ್ಳಿಹಾಕಿದಾಗ ಬ್ಯಾರೆಟ್ ಆ ಐವರ ಕಡೆಗಿದ್ದರು. ಅವರನ್ನು ನೇಮಿಸಿದ ಅಧ್ಯಕ್ಷರ ಬೆಂಬಲಿಗರೇ ಅವರ ಮೇಲೆ ಹರಿಹಾಯ್ದರು. ಅದೇ ವರ್ಷದ ಮೇ 22ರಂದು, ಒಕ್ಲಹೋಮಾದಲ್ಲಿ ಸಾರ್ವಜನಿಕ ಹಣದಿಂದ ಕ್ಯಾಥೊಲಿಕ್ ಚಾರ್ಟರ್ ಶಾಲೆ ನಡೆಸುವ ಪ್ರಕರಣ 4–4ರಲ್ಲಿ ಸಮವಾಗಿ ನಿಂತು, ಶಾಲೆಯ ವಿರುದ್ಧದ ಕೆಳಗಿನ ತೀರ್ಪೇ ಉಳಿಯಿತು. ಕಾರಣ, ಬ್ಯಾರೆಟ್ ವಿಚಾರಣೆಯಿಂದ ಹಿಂದೆ ಸರಿದಿದ್ದರು. ಏಕೆಂದು ಅವರು ಹೇಳಲಿಲ್ಲ. ಆ ಶಾಲೆಯ ಪರವಾಗಿ ದುಡಿದವರಲ್ಲಿ ನೋಟರ್ ಡೇಮ್ ಕಾನೂನು ಶಾಲೆಯ ಚಿಕಿತ್ಸಾಲಯವೂ ಇತ್ತು — ಕಾನೂನು ಶಾಲೆಗಳಲ್ಲಿ ವಿದ್ಯಾರ್ಥಿಗಳು ನಿಜವಾದ ಮೊಕದ್ದಮೆ ನಡೆಸುವ ಘಟಕಕ್ಕೆ ಅಲ್ಲಿ ಈ ಹೆಸರು. ತಮ್ಮದೇ ಸಿದ್ಧಾಂತದವರು ಗೆಲ್ಲಬಹುದಾಗಿದ್ದ ಕಡೆ ದೂರ ನಿಂತದ್ದು ಪತ್ರಗಳಲ್ಲಿ ಬಣ್ಣಿಸಿದ ಶೀಲಕ್ಕೆ ಹೊಂದುತ್ತದೆ. ಇನ್ನೊಂದು ತಿಂಗಳಲ್ಲೇ, ಅಧ್ಯಕ್ಷರ ಆದೇಶಗಳಿಗೆ ಕೆಳ ನ್ಯಾಯಾಲಯಗಳು ದೇಶವ್ಯಾಪಿ ತಡೆ ನೀಡುವುದನ್ನು ಮೊಟಕುಗೊಳಿಸಿದ ಬಹುಮತದ ತೀರ್ಪನ್ನು ಬರೆದವರೂ ಅವರೇ. ಒಳ್ಳೆಯ ಅಧ್ಯಾಪಕಿ ಯಾವ ಮನಸ್ಸಿನಿಂದ ತೀರ್ಪು ಬರೆಯುತ್ತಾರೆ ಎಂಬುದನ್ನು ಶಿಷ್ಯರು ಹೇಳಬಲ್ಲರು. ತೀರ್ಪು ಯಾವ ಕಡೆ ವಾಲುತ್ತದೆ ಎಂಬುದನ್ನಲ್ಲ. ಸೆನೆಟಿಗೆ ಬೇಕಾಗಿದ್ದದ್ದು ಎರಡನೆಯದು, ಕೇಳಲು ಅನುಮತಿಯಿದ್ದದ್ದು ಮೊದಲನೆಯದು.

ಭಾರತದ ಬಳಸದ ಬಾಗಿಲು

ಈ ಜಿಜ್ಞಾಸೆ ಭಾರತದಲ್ಲಿ ಹುಟ್ಟಿಲ್ಲದಿರುವುದಕ್ಕೆ ಕಾರಣ ಸರಳ. ಇಲ್ಲಿ ಪ್ರಾಧ್ಯಾಪಕರು ಸುಪ್ರೀಂ ಕೋರ್ಟ್ ತಲುಪುವುದೇ ಇಲ್ಲ. ತಲುಪಬಾರದೆಂದು ಸಂವಿಧಾನ ಹೇಳಿಲ್ಲ. 124ನೆಯ ಅನುಚ್ಛೇದದ ಮೂರನೆಯ ಖಂಡ, ಹೈಕೋರ್ಟ್ ನ್ಯಾಯಾಧೀಶರು ಮತ್ತು ವಕೀಲರ ಜೊತೆಗೆ, ಖ್ಯಾತ ನ್ಯಾಯಶಾಸ್ತ್ರಜ್ಞರನ್ನೂ ನೇಮಿಸಬಹುದು ಎನ್ನುತ್ತದೆ. ಈ ಮಾತು ಮೂಲ ಕರಡಿನಲ್ಲಿರಲಿಲ್ಲ. 1949ರ ಮೇ ತಿಂಗಳಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಇದಕ್ಕಾಗಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ರಾಷ್ಟ್ರಪತಿಗೆ ಆಯ್ಕೆಯ ವ್ಯಾಪ್ತಿ ಹಿಗ್ಗಲಿ ಎಂಬುದು ಅವರ ಉದ್ದೇಶ. ಅದಕ್ಕೆ ಹತ್ತು ವರ್ಷ ಮೊದಲು ಅಮೆರಿಕದಲ್ಲಿ ಹಾರ್ವರ್ಡ್ ಪ್ರಾಧ್ಯಾಪಕ ಫೆಲಿಕ್ಸ್ ಫ್ರಾಂಕ್‌ಫರ್ಟರ್ ನೇರವಾಗಿ ಸುಪ್ರೀಂ ಕೋರ್ಟ್ ಪೀಠವೇರಿದ್ದರು. ಕಾಮತ್ ತೆರೆಸಿದ ಬಾಗಿಲಿನಿಂದ ಇದುವರೆಗೆ ಒಬ್ಬರೂ ಒಳಬಂದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1980ರ ದಶಕದ ಕೊನೆಯಲ್ಲಿ ಆರಂಭವಾದ ಮೇಲೆ ದೇಶದಲ್ಲಿ ಕಾನೂನು ಬೋಧನೆಯ ಮಟ್ಟವೇ ಬದಲಾಯಿತೆಂದು ಎಲ್ಲರೂ ಒಪ್ಪುತ್ತಾರೆ. ನ್ಯಾಯಪೀಠದ ಬಾಗಿಲಿಗೆ ಮಾತ್ರ ಅದರ ಅರಿವಿಲ್ಲ. ಹೈಕೋರ್ಟುಗಳ ಮಟ್ಟಿಗೆ ತುರ್ತುಪರಿಸ್ಥಿತಿಯ 42ನೆಯ ತಿದ್ದುಪಡಿ ಇಂಥದೇ ಅವಕಾಶ ಕಲ್ಪಿಸಿತ್ತು, ಜನತಾ ಸರ್ಕಾರದ 44ನೆಯ ತಿದ್ದುಪಡಿ ಅದನ್ನು ಕಿತ್ತುಹಾಕಿತು.

ಇಲ್ಲಿನ ಪದ್ಧತಿಯಲ್ಲಿ ಹೆಸರುಗಳನ್ನು ಆರಿಸುವುದು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ. ಅದಕ್ಕೆ ಪರ್ಯಾಯವಾಗಿ ರೂಪಿಸಿದ್ದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್‌ನಲ್ಲಿ ಅಸಿಂಧುಗೊಳಿಸಿತು. ಅಭ್ಯರ್ಥಿಯ ಶೀಲದ ಬಗ್ಗೆ ವರದಿ ಕೊಡುವುದು ಗುಪ್ತಚರ ದಳ. ಆ ವರದಿಯಲ್ಲಿ ಏನಿರುತ್ತದೆ ಎಂಬುದು ಸಾಮಾನ್ಯವಾಗಿ ಹೊರಬರುವುದಿಲ್ಲ. 2023ರ ಜನವರಿಯಲ್ಲಿ ಕೆಲವು ಹೆಸರುಗಳನ್ನು ಪುನರುಚ್ಚರಿಸುವಾಗ ಕೊಲಿಜಿಯಂ ಕೆಲ ಅಂಶಗಳನ್ನು ಬಹಿರಂಗಪಡಿಸಿತು. ಮದ್ರಾಸ್ ಹೈಕೋರ್ಟಿಗೆ ಶಿಫಾರಸಾಗಿದ್ದ ವಕೀಲ ಜಾನ್ ಸತ್ಯನ್ ಅವರಿಗೆ ವೃತ್ತಿಯಲ್ಲೂ ಖಾಸಗಿಯಾಗಿಯೂ ಒಳ್ಳೆಯ ಹೆಸರಿದೆ ಎಂದು ಗುಪ್ತಚರ ವರದಿ ಹೇಳಿತ್ತು. ಪ್ರಧಾನಿಯನ್ನು ಟೀಕಿಸಿದ ಲೇಖನವೊಂದನ್ನು ಅವರು ಹಂಚಿಕೊಂಡಿದ್ದರೆಂಬುದೂ ಅದರಲ್ಲಿತ್ತು. ಅದು ಅವರ ಶೀಲಕ್ಕೆ ಕುಂದಲ್ಲವೆಂದು ಕೊಲಿಜಿಯಂ ಮತ್ತೆ ಶಿಫಾರಸು ಮಾಡಿತು. ಅವರ ಬಳಿ ಕೆಲಸ ಕಲಿತ ಕಿರಿಯ ವಕೀಲರನ್ನು ಯಾವ ಸಮಿತಿಯೂ ಕರೆದು ಕೇಳಲಿಲ್ಲ.